ಹೋದೆ, ಹೋಗುತ್ತಿದ್ದೆ: ಇಟಾಲಿಯನ್ನಿನಲ್ಲಿ ಹಳೆಯ ರೂಢಿಗಳನ್ನು ಹೇಳುವ ಬಗೆ

"ಚಿಕ್ಕವನಿದ್ದಾಗ ಶಾಲೆಗೆ ನಡೆದುಕೊಂಡು ಹೋಗುತ್ತಿದ್ದೆ." "ನಿನ್ನೆ ಶಾಲೆಗೆ ನಡೆದುಕೊಂಡು ಹೋದೆ." ಈ ಎರಡರ ವ್ಯತ್ಯಾಸವನ್ನು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲನೆಯದು ರೂಢಿ, ಎರಡನೆಯದು ನಡೆದು ಮುಗಿದ ಒಂದು ಸಂಗತಿ. ಇಟಾಲಿಯನ್ ಕಲಿಯಲು ಕೂತಾಗ ಮಾತ್ರ ನಾವು ಈ ತಿಳಿವಳಿಕೆಯನ್ನು ಬಾಗಿಲ ಹೊರಗೆ ಬಿಟ್ಟು, ಇಂಗ್ಲಿಷ್ ಪಠ್ಯಪುಸ್ತಕದ ದಾರಿ ಹಿಡಿಯುತ್ತೇವೆ. ಇಂಗ್ಲಿಷಿನಲ್ಲಿ ರೂಢಿ ಹೇಳಲು "ಯೂಸ್ಡ್ ಟು" ಉಂಟು, "ವುಡ್" ಉಂಟು, ಬರಿಯ "ವೆಂಟ್" ಅಂದರೂ ನಡೆಯುತ್ತದೆ. ನಡೆಯುತ್ತಿದ್ದ ಕ್ರಿಯೆಗೆ "ವಾಸ್ ಗೋಯಿಂಗ್" ಬೇರೆಯೇ ಇದೆ. ಈ ನಾಲ್ಕನ್ನು ಇಟಾಲಿಯನ್ನಿನ ಎರಡು ಖಾನೆಗಳಿಗೆ ಹಂಚಲು ಹೋಗಿ ತಲೆ ಕೆಡುತ್ತದೆ. ಕನ್ನಡದಿಂದ ನೇರ ಹೋದರೆ ಈ ಕಷ್ಟದ ಮುಕ್ಕಾಲು ಪಾಲು ಇರುವುದೇ ಇಲ್ಲ. ಉಳಿದ ಕಾಲು ಪಾಲಿನಲ್ಲಿ ಕನ್ನಡವೂ ಕೈಕೊಡುತ್ತದೆ, ಅದನ್ನೂ ನೋಡೋಣ.

ಇಟಾಲಿಯನ್ನಿನ ಆ ಎರಡು ಖಾನೆಗಳ ಹೆಸರು ಇಂಪೆರ್ಫೆತ್ತೊ ಮತ್ತು ಪಸ್ಸಾತೊ ಪ್ರೊಸ್ಸಿಮೊ. ಪಸ್ಸಾತೊ ಪ್ರೊಸ್ಸಿಮೊ ನಮ್ಮ "ಹೋದೆ"ಯಂತೆ ನಡೆದು ಮುಗಿದ ಸಂಗತಿಗೆ, "ಸೋನೊ ಅಂದಾತೊ" ಎಂದು ಎರಡು ಪದ ಸೇರಿ ಆಗುತ್ತದೆ. ಇಂಪೆರ್ಫೆತ್ತೊ ಅಂದರೆ ಅಪೂರ್ಣ, ಮುಗಿದಿಲ್ಲದ್ದು. ಕೆಲಸ ಯಾವತ್ತೋ ನಿಂತುಹೋಗಿರಬಹುದು. ಹೇಳುವವನು ಅದರ ಮೊದಲು-ಕೊನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ ಅಷ್ಟೆ. ನಮ್ಮ "ಉತ್ತಿದ್ದ" ಮಾಡುವ ಕೆಲಸವೂ ಇದೇ. "ಹೋಗುತ್ತಿದ್ದೆ" ಎಂದರೆ ದಿನಾ ಹೋಗುವ ರೂಢಿಯೂ ಆದೀತು, ದಾರಿಯಲ್ಲಿ ನಡೆಯುತ್ತಿದ್ದ ಆ ಗಳಿಗೆಯೂ ಆದೀತು. ಇಟಾಲಿಯನ್ನಿನ "ಅಂದಾವೊ" ಕೂಡ ಎರಡಕ್ಕೂ ಸಲ್ಲುತ್ತದೆ.

ರೂಪಗಳು

ಇಟಾಲಿಯನ್ ಪದಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಕ್ರಿಯಾಪದದ ಈ ರೂಪಗಳಲ್ಲಿ ದೀರ್ಘಾಕ್ಷರ ಎಲ್ಲಿದೆಯೋ ಒತ್ತು ಅಲ್ಲೇ ಬೀಳುತ್ತದೆ. ಇಟಾಲಿಯನ್ ಬರವಣಿಗೆ ಈ ಒತ್ತನ್ನು ತೋರಿಸುವುದಿಲ್ಲ, ಹಾಗಾಗಿ ನೋಟ್‌ಬುಕ್ಕಿನಲ್ಲಿ ಪಕ್ಕಕ್ಕೆ ಕನ್ನಡದಲ್ಲಿ ಬರೆದುಕೊಳ್ಳುವುದು ನಾಚಿಕೆಪಡುವ ಸಂಗತಿಯೇನಲ್ಲ.

ಕ್ರಿಯಾಪದದ ಮೂಲರೂಪದ ಕೊನೆಯ "ರೆ" ತೆಗೆದುಹಾಕಿ. ಉಳಿದದ್ದಕ್ಕೆ ವೊ, ವಿ, ವ, ವಾಮೊ, ವಾತೆ, ವನೊ ಸೇರಿಸಿ. ಇಷ್ಟೇ ಸೂತ್ರ. ಪರ್ಲಾರೆ ಅಂದರೆ ಮಾತಾಡು. ಪರ್ಲಾವೊ (ನಾನು), ಪರ್ಲಾವಿ (ನೀನು), ಪರ್ಲಾವ (ಅವನು, ಅವಳು, ಮರ್ಯಾದೆಯ ನೀವು), ಪರ್ಲವಾಮೊ (ನಾವು), ಪರ್ಲವಾತೆ (ನೀವೆಲ್ಲ), ಪರ್ಲಾವನೊ (ಅವರೆಲ್ಲ). ದೊರ್ಮೀರೆ, ಅಂದರೆ ನಿದ್ದೆ ಮಾಡು, ಇದೇ ದಾರಿಯಲ್ಲಿ ದೊರ್ಮೀವೊ, ದೊರ್ಮೀವಿ, ದೊರ್ಮೀವ, ದೊರ್ಮಿವಾಮೊ, ದೊರ್ಮಿವಾತೆ, ದೊರ್ಮೀವನೊ ಆಗುತ್ತದೆ. ನಂಬು ಎಂಬರ್ಥದ ಕ್ರೇದೆರೆ ಹಾಗೆಯೇ ಕ್ರೆದೇವೊ, ಕ್ರೆದೇವಿ ಎಂದು ಸಾಗುತ್ತದೆ.

ಒತ್ತಿನ ಓಡಾಟ ಗಮನಿಸಿ. "ನಾವು", "ನೀವೆಲ್ಲ" ರೂಪಗಳಲ್ಲಿ ಅದು ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ, "ಅವರೆಲ್ಲ" ರೂಪದಲ್ಲಿ ಮತ್ತೆ ಹಿಂದಕ್ಕೆ ಬರುತ್ತದೆ. ಕಲಿಯುವವರು ಮುಗ್ಗರಿಸುವುದು ಈ ಕೊನೆಯದರಲ್ಲೇ. ಪರ್ಲವಾಮೊ, ಪರ್ಲವಾತೆ ಎಂದು ಹೇಳಿಕೊಂಡು ಬಂದ ನಾಲಿಗೆ ಅದೇ ಲಯದಲ್ಲಿ "ಪರ್ಲವಾನೊ" ಅಂದುಬಿಡುತ್ತದೆ. ಅದು ತಪ್ಪು, ಪರ್ಲಾವನೊ ಸರಿ. ಏಕವಚನದ ಮೂರು ರೂಪಗಳ ಜೊತೆಗೆ ಇದನ್ನು ನಾಲ್ಕನೆಯದಾಗಿ ಬಾಯಿಪಾಠ ಮಾಡಿ, ನಾವು-ನೀವುಗಳನ್ನು ಬೇರೆಯಾಗಿ ಹೇಳಿಕೊಂಡರೆ ಲಯ ತಾನೇ ಕೂರುತ್ತದೆ.

ನಿಜವಾಗಿ ಅಡ್ಡದಾರಿ ಹಿಡಿಯುವ ಕ್ರಿಯಾಪದ ಒಂದೇ: ಎಸ್ಸೆರೆ, ಅಂದರೆ ಇರು. ಏರೊ, ಏರಿ, ಏರ, ಎರವಾಮೊ, ಎರವಾತೆ, ಏರನೊ. ಇನ್ನು ಕೆಲವು ಅಡ್ಡವೆಂದು ಕಾಣುತ್ತವೆ, ಅಲ್ಲ. ಫಾರೆ (ಮಾಡು) ಫಚೇವೊ ಆಗುತ್ತದೆ, ದೀರೆ (ಹೇಳು) ದಿಚೇವೊ, ಬೇರೆ (ಕುಡಿ) ಬೆವೇವೊ, ತ್ರದುರ್ರೆ (ಅನುವಾದಿಸು) ತ್ರದುಚೇವೊ. ಇವುಗಳ ಮೂಲರೂಪ ಕಾಲಾಂತರದಲ್ಲಿ ಸವೆದು ಚಿಕ್ಕದಾಗಿದೆ. ಇಂಪೆರ್ಫೆತ್ತೊ ಮಾತ್ರ ಹಳೆಯ ಉದ್ದನೆಯ ಧಾತುವನ್ನು ಉಳಿಸಿಕೊಂಡಿದೆ. ವರ್ತಮಾನಕಾಲದಲ್ಲಿ ಕಾಡಿದ ಪುಂಡು ಕ್ರಿಯಾಪದಗಳೆಲ್ಲ ಇಲ್ಲಿ ಸಾಧು ಪ್ರಾಣಿಗಳು. ಹೋಗುತ್ತೇನೆ ಎನ್ನಲು ವಾದೊ, ಹೋಗುತ್ತಿದ್ದೆ ಎನ್ನಲು ಮಾತ್ರ ನೇರವಾಗಿ ಅಂದಾವೊ. ಗೊತ್ತು ಎನ್ನಲು ಸೊ, ಗೊತ್ತಿತ್ತು ಎನ್ನಲು ಸಪೇವೊ. ವರ್ತಮಾನದ ರೂಪದಿಂದ ಕಟ್ಟಲು ಹೋಗಿ "ವದಾವೊ" ಅನ್ನುವವರಿದ್ದಾರೆ. ಯಾವಾಗಲೂ ಮೂಲರೂಪದಿಂದಲೇ ಹೊರಡಿ.

ಹಳೆಯ ಪುಸ್ತಕ ಓದುವವರಿಗೆ ಒಂದು ಮಾತು. ಅಲ್ಲಿ "ನಾನು" ಜೊತೆಗೂ ಪರ್ಲಾವ ಎಂದು ಕಾಣಬಹುದು. ಲ್ಯಾಟಿನ್ನಿನ ಅಮಾಬಾಮ್ ಎಂಬಂಥ ರೂಪದಿಂದ ಸಹಜವಾಗಿ ಬಂದದ್ದು ಅಕಾರದ ಕೊನೆಯೇ. ಓಕಾರದ ಕೊನೆ ಆಡುಮಾತಿನಲ್ಲಿ ಬೆಳೆದದ್ದು. ಅಲೆಸ್ಸಾಂದ್ರೊ ಮನ್‌ಝೋನಿ 1840-42ರಲ್ಲಿ ತನ್ನ ಪ್ರಸಿದ್ಧ ಕಾದಂಬರಿಯನ್ನು ಫ್ಲಾರೆನ್ಸಿನ ಆಡುಮಾತಿಗೆ ಹತ್ತಿರವಾಗುವಂತೆ ತಿದ್ದಿ ಹೊರತಂದಾಗ ಈ ಓಕಾರವನ್ನೇ ಹಿಡಿದ, ಬರವಣಿಗೆಯಲ್ಲಿ ಅದು ಬೇರೂರಲು ಇದೂ ಒಂದು ಕಾರಣ.

ಕನ್ನಡದ ಒರೆಗಲ್ಲು

ಹೇಳಬೇಕಾದ್ದನ್ನು ಮೊದಲು ಮನಸ್ಸಿನಲ್ಲಿ ಆಡುಗನ್ನಡದಲ್ಲೇ ಹೇಳಿಕೊಳ್ಳಿ. "ಹೋಗ್ತಿದ್ದೆ", "ತಿಂತಿದ್ಲು", "ಬರ್ತಿರ್ಲಿಲ್ಲ" ಎಂದು ಬಂದರೆ ಇಂಪೆರ್ಫೆತ್ತೊ. "ಹೋದೆ", "ತಿಂದ್ಲು", "ಬರ್ಲಿಲ್ಲ" ಎಂದು ಬಂದರೆ ಪಸ್ಸಾತೊ ಪ್ರೊಸ್ಸಿಮೊ. ಹಳೆಯ ನೆನಪು ಹೇಳುವಾಗ ನಾವು "ಬೇಸಿಗೆ ಬಂದ್ರೆ ಸಾಕು, ಹೊಳೆಗೆ ಹೋಗೋದು, ಈಜೋದು, ಹಣ್ಣು ಕದಿಯೋದು" ಎಂದೂ ಹೇಳುತ್ತೇವಲ್ಲ, ಆ "ಓದು" ಕೂಡ ಇಂಪೆರ್ಫೆತ್ತೊಗೇ ಹೋಗುತ್ತದೆ. ಇತ್ತು, ಗೊತ್ತಿತ್ತು, ಬೇಕಿತ್ತು, ಇಷ್ಟವಿತ್ತು ಎಂಬಂಥ ಸ್ಥಿತಿಯ ಮಾತುಗಳೂ ಸಾಮಾನ್ಯವಾಗಿ ಅಲ್ಲಿಗೇ.

ಒಂದು ತುಂಡನ್ನು ಹತ್ತಿರದಿಂದ ನೋಡೋಣ.

"ದಾ ಬಂಬೀನೊ ಪಸ್ಸಾವೊ ಲೆಸ್ತಾತೆ ದಾಯ್ ನೊನ್ನಿ, ಇನ್ ಪೂಲ್ಯ. ಲ ನೊನ್ನ ಸಿ ಅಲ್ತ್ಸಾವ ಅಲ್ಲೆ ಚಿಂಕ್ವೆ, ಫಚೇವ ಲೆ ಒರೆಕ್ಕ್ಯೆತ್ತೆ ಎ ಲೆ ಮೆತ್ತೇವ ಅದ್ ಅಶ್ಶುಗಾರೆ ಸುಲ್ ತಾವೊಲೊ. ಇಲ್ ನೊನ್ನೊ ನೊನ್ ಪರ್ಲಾವ ಮಾಯ್ ಆ ಕೊಲತ್ಸ್ಯೋನೆ. ಉನ್ ಜೊರ್ನೊ ಏ ಕದೂತೊ ದಲ್ಲ ಸ್ಕಾಲ ಎದ್ ಏ ರಿಮಸ್ತೊ ಆ ಲೆತ್ತೊ ಪೆರ್ ದೂಯೆ ಸೆತ್ತಿಮಾನೆ. ಒಞ್ಞಿ ಮತ್ತೀನ ಲ ನೊನ್ನ ಲ್ಯಿ ಲೆಜ್ಜೇವ ಇಲ್ ಜೊರ್ನಾಲೆ."

ಚಿಕ್ಕವನಿದ್ದಾಗ ಬೇಸಿಗೆಯನ್ನು ಪೂಲ್ಯದಲ್ಲಿ ಅಜ್ಜ-ಅಜ್ಜಿಯ ಮನೆಯಲ್ಲಿ ಕಳೆಯುತ್ತಿದ್ದೆ. ಅಜ್ಜಿ ಐದಕ್ಕೇ ಏಳುತ್ತಿದ್ದಳು, ಒರೆಕ್ಕ್ಯೆತ್ತೆ ಮಾಡಿ ಮೇಜಿನ ಮೇಲೆ ಒಣಹಾಕುತ್ತಿದ್ದಳು. ಅಜ್ಜ ತಿಂಡಿ ಹೊತ್ತಿನಲ್ಲಿ ಮಾತೇ ಆಡುತ್ತಿರಲಿಲ್ಲ. ಒಂದು ದಿನ ಮೆಟ್ಟಿಲಿಂದ ಬಿದ್ದ, ಎರಡು ವಾರ ಹಾಸಿಗೆಯಲ್ಲೇ ಉಳಿದ. ದಿನಾ ಬೆಳಗ್ಗೆ ಅಜ್ಜಿ ಅವನಿಗೆ ಪೇಪರ್ ಓದಿ ಹೇಳುತ್ತಿದ್ದಳು. (ಒರೆಕ್ಕ್ಯೆತ್ತೆ ಪೂಲ್ಯದ ಪಾಸ್ತಾ. ಕೈಬೆರಳಿನಿಂದ ಒತ್ತಿ ಮಾಡುತ್ತಾರೆ, ಹೆಸರಿನ ಅರ್ಥವೇ ಪುಟ್ಟ ಕಿವಿಗಳು.)

ಪಸ್ಸಾವೊ, ಅಲ್ತ್ಸಾವ, ಫಚೇವ, ಮೆತ್ತೇವ, ಪರ್ಲಾವ: ಇಷ್ಟು ಹೊತ್ತೂ ಕಥೆ ಮುಂದೆ ಹೋಗಿಲ್ಲ, ಆ ಮನೆಯ ದಿನಚರಿ ಮಾತ್ರ ಕಣ್ಣೆದುರು ನಿಂತಿದೆ. ಕಥೆ ಹೊರಡುವುದು "ಉನ್ ಜೊರ್ನೊ" ಎಂಬಲ್ಲಿ, "ಒಂದು ದಿನ" ಎಂದೊಡನೆ. ಏ ಕದೂತೊ, ಬಿದ್ದ. ಏ ರಿಮಸ್ತೊ, ಉಳಿದ. ಎರಡು ವಾರ ಅಂದರೆ ಬಿದ್ದದ್ದಕ್ಕಿಂತ ಬಹಳ ದೀರ್ಘ ಕಾಲವೇ, ಆದರೂ ಇಂಪೆರ್ಫೆತ್ತೊ ಬಂದಿಲ್ಲ. ಎಷ್ಟು ದಿನ ಎಂದು ಅಳೆದು ಕಟ್ಟು ಹಾಕಿದೊಡನೆ ಅದು ಮುಗಿದ ಘಟನೆ. ಕೊನೆಯ ಲೆಜ್ಜೇವ ಆ ಎರಡು ವಾರಗಳ ಒಳಗೆ ಹುಟ್ಟಿಕೊಂಡ ಹೊಸ ರೂಢಿ, ಮತ್ತೆ ಇಂಪೆರ್ಫೆತ್ತೊ. ಅಂದರೆ ಉದ್ದ-ಗಿಡ್ಡ ಇಲ್ಲಿ ಪ್ರಶ್ನೆಯೇ ಅಲ್ಲ.

ಇದೇ ತುಂಡು ಕಾದಂಬರಿಯಲ್ಲಿ ಬಂದರೆ ಏ ಕದೂತೊ ಬದಲು ಪಸ್ಸಾತೊ ರೆಮೋತೊ ಎಂಬ ಇನ್ನೊಂದು ಭೂತಕಾಲದ ರೂಪ "ಕದ್ದೆ" ಬಂದೀತು. ಕನ್ನಡದ ಕಿವಿಗೆ ಇದು ಕಳ್ಳನ ತಪ್ಪೊಪ್ಪಿಗೆಯಂತೆ ಕೇಳುತ್ತದೆ, ಅರ್ಥ ಮಾತ್ರ "ಬಿದ್ದ" ಎಂದೇ. ಇಂಪೆರ್ಫೆತ್ತೊ ರೂಪಗಳು ಆಗಲೂ ಒಂದಕ್ಷರ ಬದಲಾಗುವುದಿಲ್ಲ.

ಎಷ್ಟು ಸಲ, ಎಷ್ಟು ಹೊತ್ತು

ಒಟ್ಟು ಲೆಕ್ಕ ಕೊಟ್ಟರೆ ಪಸ್ಸಾತೊ ಪ್ರೊಸ್ಸಿಮೊ, ದರ ಕೊಟ್ಟರೆ ಇಂಪೆರ್ಫೆತ್ತೊ. "ಎರಡು ಸಲ ಹೋದೆ" ಎಂಬುದು ಸೋನೊ ಅಂದಾತೊ ದೂಯೆ ವೊಲ್ತೆ. "ವಾರಕ್ಕೆ ಎರಡು ಸಲ ಹೋಗುತ್ತಿದ್ದೆ" ಎಂಬುದು ಅಂದಾವೊ ದೂಯೆ ವೊಲ್ತೆ ಅಲ್ಲ ಸೆತ್ತಿಮಾನ. ಸಂಖ್ಯೆ ಕಂಡ ಕೂಡಲೇ ಇಂಪೆರ್ಫೆತ್ತೊ ಬೇಡ ಎಂದು ಕಲಿಸುವ ಪುಸ್ತಕಗಳು ಅರ್ಧ ಮಾತ್ರ ಹೇಳುತ್ತವೆ. ಕಾಲಾವಧಿಗೂ ಇದೇ ಕಥೆ. ನಿನ್ನೆ ಬಸ್ಸಿಗೆ ಎರಡು ಗಂಟೆ ಕಾದೆ: ಓ ಅಸ್ಪೆತ್ತಾತೊ ದೂಯೆ ಓರೆ. ದಿನಾ ಎರಡು ಗಂಟೆ ಕಾಯುತ್ತಿದ್ದೆ: ಒಞ್ಞಿ ಜೊರ್ನೊ ಅಸ್ಪೆತ್ತಾವೊ ದೂಯೆ ಓರೆ. ಎರಡನೆಯದರಲ್ಲಿ ಒಂದೊಂದು ದಿನದ ಕಾಯುವಿಕೆಗೆ ಅಳತೆ ಇದೆ, ಇಡೀ ರೂಢಿಗೆ ಇಲ್ಲ.

ಮೊದಲು ಕೈಕೊಡುವ ಕನ್ನಡ ಪದ "ಇದ್ದೆ". "ಮೂರು ವರ್ಷ ತೊರೀನೊದಲ್ಲಿದ್ದೆ", "ಆಗ ತೊರೀನೊದಲ್ಲಿದ್ದೆ" ಎರಡಕ್ಕೂ ನಮ್ಮಲ್ಲಿ ಒಂದೇ ರೂಪ. ಇಟಾಲಿಯನ್ ಒಡೆದು ಕೇಳುತ್ತದೆ. ಮೊದಲನೆಯದಕ್ಕೆ ಅಳತೆ ಇರುವುದರಿಂದ ಸೋನೊ ಸ್ತಾತೊ ಆ ತೊರೀನೊ ಪೆರ್ ತ್ರೇ ಅನ್ನಿ. ಎರಡನೆಯದು ಏರೊ ಆ ತೊರೀನೊ. ಆದರೆ "ಮೂರು ವರ್ಷದಿಂದ ತೊರೀನೊದಲ್ಲಿ ವಾಸವಾಗಿದ್ದೆ, ಅಷ್ಟರಲ್ಲಿ ಕೆಲಸ ಹೋಯಿತು" ಎಂದಾಗ ಮತ್ತೆ ಇಂಪೆರ್ಫೆತ್ತೊ: ಅಬಿತಾವೊ ಆ ತೊರೀನೊ ದಾ ತ್ರೇ ಅನ್ನಿ. ಇಲ್ಲಿಯ "ದಾ" ನಮ್ಮ "ಇಂದ"ವೇ. ಊರಿನಿಂದ ಬಂದೆ ಎನ್ನಲೂ ದಾ, ವರ್ಷದಿಂದ ಎನ್ನಲೂ ದಾ. ಕನ್ನಡದಲ್ಲಿ "ವರ್ಷ" ಎಂದು ನಿಲ್ಲಿಸುತ್ತೀರೋ "ವರ್ಷದಿಂದ" ಎನ್ನುತ್ತೀರೋ ಎಂಬುದನ್ನು ಕೇಳಿಸಿಕೊಂಡರೆ ಪೆರ್-ದಾ ಗೊಂದಲ ಮುಗಿಯಿತು.

"ಹೋಗಿದ್ದೆ" ಇನ್ನೊಂದು ಗುಂಡಿ. "ಕಳೆದ ವರ್ಷ ರೋಮ್‌ಗೆ ಹೋಗಿದ್ದೆ" ಎನ್ನುವುದು ನಮಗೆ ಸಹಜ, ಹೋಗಿ ವಾಪಸ್ ಬಂದಾಯಿತು ಎಂಬ ಭಾವ ಅದರಲ್ಲಿದೆ. ಅದನ್ನು ಪದಕ್ಕೆ ಪದ ಇಟ್ಟು "ಏರೊ ಅಂದಾತೊ" ಎಂದರೆ ಕೇಳುವ ಇಟಾಲಿಯನ್ ಮುಂದಿನ ಮಾತಿಗೆ ಕಾಯುತ್ತಾನೆ: ಯಾವುದಕ್ಕಿಂತ ಮೊದಲು ಹೋಗಿದ್ದೆ? ಆ ರೂಪ ಇನ್ನೊಂದು ಹಳೆಯ ಸಂಗತಿಗಿಂತಲೂ ಹಿಂದಿನದಕ್ಕೆ ಮೀಸಲು. ಇಲ್ಲಿ ಬೇಕಾದದ್ದು ಸೋನೊ ಅಂದಾತೊ.

"ಹೋಗುತ್ತಿದ್ದೆ"ಯನ್ನೇ ಬಿಡಿಸಿ ಹೋಗುತ್ತ, ಇದ್ದೆ ಎಂದು ಎರಡಾಗಿ ಅನುವಾದಿಸಿದರೆ "ಏರೊ ಅಂದಂದೊ" ಬರುತ್ತದೆ. ಅಂಥ ರೂಪ ಇಟಾಲಿಯನ್ನಿನಲ್ಲಿ ಇಲ್ಲ. ಇರುವುದು "ಸ್ತಾವೊ ಅಂದಂದೊ". ಅದರ ಅರ್ಥ ಆ ಗಳಿಗೆಯಲ್ಲಿ ಹೋಗುತ್ತ ಇದ್ದೆ ಎಂದು ಮಾತ್ರ, ರೂಢಿಗೆ ಅದು ಸಲ್ಲದು. "ಚಿಕ್ಕವಳಿದ್ದಾಗ ಕುಂಟೆಬಿಲ್ಲೆ ಆಡುತ್ತಿದ್ದೆ" ಎನ್ನಲು ಸ್ತಾವೊ ಜೊಕಂದೊ ಎಂದರೆ ಬಾಲ್ಯವಿಡೀ ಒಂದೇ ಆಟ ನಿಲ್ಲದೆ ನಡೆದಂತೆ. ಜೊಕಾವೊ ಸಾಕು. ಅನುಮಾನ ಬಂದಾಗೆಲ್ಲ ಒಂಟಿಪದದ ರೂಪವನ್ನೇ ಹೇಳಿ, ಅದು ಎರಡೂ ಕಡೆ ನಡೆಯುತ್ತದೆ. ಇಂಗ್ಲಿಷ್ "ವುಡ್" ನೆನಪಾಗಿ ಅಂದ್ರೇಯ್ ಎನ್ನುವವರಿಗೆ: ಅದು "ಹೋದೇನು", ರೂಢಿಗೆ ಸಂಬಂಧವಿಲ್ಲ.

ಮಾತಿನ ನಡುವಿನ ಸಣ್ಣ ಪದಗಳು

ದಿ ಸೋಲಿತೊ (ಸಾಮಾನ್ಯವಾಗಿ), ಸ್ಪೆಸ್ಸೊ (ಆಗಾಗ), ಒಞ್ಞಿ ಜೊರ್ನೊ (ದಿನಾ), ದೆಸ್ತಾತೆ (ಬೇಸಿಗೆಯಲ್ಲಿ), ದಾ ಬಂಬೀನೊ (ಹುಡುಗನಾಗಿದ್ದಾಗ, ಹೆಣ್ಣುಮಕ್ಕಳು ದಾ ಬಂಬೀನ ಎನ್ನಬೇಕು) ಕಂಡರೆ ಇಂಪೆರ್ಫೆತ್ತೊ ಹತ್ತಿರದಲ್ಲೇ ಇದೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಹೆಚ್ಚಿನ ಪಾಲು ಸರಿ. ಕಣ್ಣಿಡಬೇಕಾದವು ಮೂರು.

ವಾರದ ದಿನಗಳು. ಇಲ್ ಲುನೆದೀ ಅಂದಾವೊ ಅಲ್ ಮೆರ್ಕಾತೊ ಎಂದರೆ ಸೋಮವಾರ ಸೋಮವಾರ ಸಂತೆಗೆ ಹೋಗುತ್ತಿದ್ದೆ. ಲುನೆದೀ ಸೋನೊ ಅಂದಾತೊ ಅಲ್ ಮೆರ್ಕಾತೊ ಎಂದರೆ ಮೊನ್ನೆ ಸೋಮವಾರ ಹೋದೆ. ಮುಂದಿನ "ಇಲ್" ಒಂದೇ "ಪ್ರತಿ" ಎಂಬ ಅರ್ಥ ಹೊತ್ತಿದೆ. ಅದನ್ನು ನುಂಗಿ ಮಾತಾಡುವುದು ಬಹಳ ಸಾಮಾನ್ಯ ತಪ್ಪು.

ಉನ ವೊಲ್ತ. "ಒಂದ್ಸಲ" ಎಂಬರ್ಥದಲ್ಲಿ ಪಸ್ಸಾತೊ ಪ್ರೊಸ್ಸಿಮೊ, "ಒಂದು ಕಾಲಕ್ಕೆ" ಎಂಬರ್ಥದಲ್ಲಿ ಇಂಪೆರ್ಫೆತ್ತೊ. ಉನ ವೊಲ್ತ ಓ ಪೆರ್ಸೊ ಇಲ್ ತ್ರೇನೊ, ಒಂದ್ಸಲ ರೈಲು ತಪ್ಪಿಸಿಕೊಂಡೆ. ಉನ ವೊಲ್ತ ಇ ತ್ರೇನಿ ಅವೇವನೊ ಲ ತೆರ್ತ್ಸ ಕ್ಲಸ್ಸೆ, ಒಂದು ಕಾಲಕ್ಕೆ ರೈಲುಗಳಲ್ಲಿ ಮೂರನೇ ದರ್ಜೆ ಇತ್ತು (ಇಟಲಿಯಲ್ಲಿ ಅದು 1956ರಲ್ಲಿ ರದ್ದಾಯಿತು). ಕಥೆಗಳ ಆರಂಭದ "ಚೇರ ಉನ ವೊಲ್ತ" ಕೂಡ ಇದೇ ಉನ ವೊಲ್ತ, ನಮ್ಮ "ಒಂದೂರಲ್ಲಿ ಒಬ್ಬ ರಾಜ ಇದ್ದ"ನ ಜಾಗದಲ್ಲಿ.

ಸೆಂಪ್ರೆ, ಯಾವಾಗಲೂ. ಇದು ಇಂಪೆರ್ಫೆತ್ತೊದ ಸ್ವಂತ ಆಸ್ತಿಯಲ್ಲ. ಹುಟ್ಟಿದಾಗಿನಿಂದ ಈವರೆಗೂ ಇಲ್ಲೇ ಇದ್ದೇನೆ ಎನ್ನಲು ಓ ಸೆಂಪ್ರೆ ಅಬಿತಾತೊ ಕ್ವೀ. ಆಗೆಲ್ಲ ಯಾವಾಗಲೂ ತಡವಾಗಿ ಬರುತ್ತಿದ್ದ ಎನ್ನಲು ಅರ್ರಿವಾವ ಸೆಂಪ್ರೆ ಇನ್ ರಿತಾರ್ದೊ. ಇವತ್ತಿಗೂ ತಲುಪುವ ಕಾಲವಾದರೆ ಮೊದಲನೆಯದು, ಹಿಂದೆಯೇ ಮುಚ್ಚಿಹೋದ ಕಾಲವಾದರೆ ಎರಡನೆಯದು.

ವಯಸ್ಸು ಹೇಳುವಾಗ ಇನ್ನೊಂದು ಎಡವಟ್ಟು. ನನಗೆ ಹತ್ತು ವರ್ಷವಿದ್ದಾಗ ಎನ್ನಲು ಕ್ವಂದೊ ಅವೇವೊ ದ್ಯೇಚಿ ಅನ್ನಿ, ಅಕ್ಷರಶಃ ಹತ್ತು ವರ್ಷಗಳನ್ನು ಹೊಂದಿದ್ದಾಗ. ಏರೊ ಇಲ್ಲಿ ಬರದು, ಪಸ್ಸಾತೊ ಪ್ರೊಸ್ಸಿಮೊ ಅಂತೂ ಬರದೇ ಬರದು.

ಇತ್ತು ಮತ್ತು ಆಯಿತು

ಕೆಲವು ಕ್ರಿಯಾಪದಗಳು ಎರಡು ಖಾನೆಗಳಲ್ಲಿ ಎರಡು ಅರ್ಥ ಕೊಡುತ್ತವೆ ಎಂದು ಹೇಳಿ ಕಲಿಯುವವರನ್ನು ಹೆದರಿಸುವುದುಂಟು. ಕನ್ನಡದವರು ಹೆದರಬೇಕಿಲ್ಲ, ನಮ್ಮಲ್ಲಿ ಈ ಜೋಡಿಗಳು ಸಿದ್ಧವಾಗಿ ಕೂತಿವೆ. ಸಪೇವೊ ಗೊತ್ತಿತ್ತು, ಓ ಸಪೂತೊ ಗೊತ್ತಾಯಿತು. ಕೊನೊಶ್ಶೇವೊ ಪರಿಚಯವಿತ್ತು, ಓ ಕೊನೊಶ್ಶೂತೊ ಪರಿಚಯವಾಯಿತು. ದೊವೇವೊ ಅಂದಾರೆ ಹೋಗಬೇಕಿತ್ತು, ಸೋನೊ ದೊವೂತೊ ಅಂದಾರೆ ಹೋಗಬೇಕಾಯಿತು.

ಕೊನೆಯ ಜೋಡಿ ಇಟಲಿಯಲ್ಲಿ ಓದಲು ಹೋದವರಿಗೆ ಮೊದಲ ತಿಂಗಳಲ್ಲೇ ಬೇಕಾಗುತ್ತದೆ, ಯಾಕೆಂದರೆ ವಾಸದ ಪರವಾನಗಿಗೆ ಕ್ವೆಸ್ತೂರ, ಅಂದರೆ ಜಿಲ್ಲಾ ಪೊಲೀಸ್ ಕಚೇರಿಗೆ ಹೋಗಲೇಬೇಕು. ಕ್ಲಾಸಿಗೆ ಯಾಕೆ ಬರಲಿಲ್ಲ ಎಂದು ಕೇಳಿದಾಗ "ದೊವೇವೊ ಅಂದಾರೆ ಇನ್ ಕ್ವೆಸ್ತೂರ" ಎಂದರೆ ಹೋಗಬೇಕಿತ್ತು ಎಂದಷ್ಟೇ ಆಯಿತು. ಹೋದಿರೋ, ಮನೆಯಲ್ಲೇ ಮಲಗಿದ್ದಿರೋ ತಿಳಿಯದು. "ಸೋನೊ ದೊವೂತೊ ಅಂದಾರೆ" ಎಂದರೆ ಹೋದದ್ದು ಖಚಿತ. ಹೆಣ್ಣುಮಕ್ಕಳಾದರೆ ದೊವೂತ. ಇಂಪೆರ್ಫೆತ್ತೊದಲ್ಲಿ ಈ ಗಂಡು-ಹೆಣ್ಣಿನ ಹೊಂದಾಣಿಕೆಯ ರಗಳೆ ಇಲ್ಲ.

ಅಲ್ಲಿ ರಗಳೆ ಇರುವುದು ಏಕವಚನ-ಬಹುವಚನದ್ದು. ಮಿ ಪ್ಯಚೇವ, ಅಂದರೆ ನನಗೆ ಇಷ್ಟವಾಗುತ್ತಿತ್ತು. ಕಟ್ಟಡ ಕನ್ನಡದ್ದೇ: ಮಿ ಅಂದರೆ ನನಗೆ, ಕ್ರಿಯಾಪದ ಇಷ್ಟವಾದ ವಸ್ತುವಿನ ಜೊತೆ ಹೊಂದುತ್ತದೆ. ಆದರೆ ಆಡುಗನ್ನಡದಲ್ಲಿ "ಅಂಜೂರದ ಹಣ್ಣುಗಳು ಇಷ್ಟ ಆಗ್ತಿತ್ತು", "ಮನೇಲಿ ತುಂಬ ಪುಸ್ತಕಗಳಿತ್ತು" ಎಂದು ವಸ್ತುಗಳು ಎಷ್ಟಿದ್ದರೂ ಏಕವಚನದಲ್ಲೇ ಮುಗಿಸುವ ಸಡಿಲತೆ ನಮಗಿದೆ. ಇಟಾಲಿಯನ್ ಬಿಡುವುದಿಲ್ಲ. ಮಿ ಪ್ಯಚೇವನೊ ಇ ಫೀಕಿ, ಚೇರನೊ ತಂತಿ ಲೀಬ್ರಿ. ಇಲ್ಲಿ ಪುಸ್ತಕಗನ್ನಡದ "ಇಷ್ಟವಾಗುತ್ತಿದ್ದವು", "ಇದ್ದವು" ನೆನಪಿಸಿಕೊಂಡರೆ ಒಳ್ಳೆಯದು.

ರೂಢಿಯ ಆಚೆ

ಇದೇ ರೂಪ ಅಂಗಡಿಯಲ್ಲೂ ಕೇಳಿಸುತ್ತದೆ. ವೊಲೇವೊ ಉನ್ ಕಫ್ಫೇ, ಒಂದು ಕಾಫಿ ಬೇಕಿತ್ತು. ಬೇಕಾಗಿರುವುದು ಈಗಲೇ, ಭೂತಕಾಲ ಬರಿಯ ವಿನಯಕ್ಕೆ. ನಾವೂ "ಸ್ವಲ್ಪ ಹೆಲ್ಪ್ ಬೇಕಿತ್ತು" ಎನ್ನುತ್ತೇವಲ್ಲ, ಹಾಗೆ. ಸೆ ಲೊ ಸಪೇವೊ, ನೊನ್ ವೆನೀವೊ: ಗೊತ್ತಿದ್ದರೆ ಬರುತ್ತಿರಲಿಲ್ಲ. ನಡೆಯದೇ ಹೋದದ್ದಕ್ಕೂ ನಾವು "ಉತ್ತಿದ್ದ"ವನ್ನೇ ಬಳಸುವಂತೆ ಅವರೂ ಮಾತಿನಲ್ಲಿ ಇಂಪೆರ್ಫೆತ್ತೊ ಬಳಸುತ್ತಾರೆ. ಮಾತಿನಲ್ಲಿ ಮಾತ್ರ. ಪರೀಕ್ಷೆಯಲ್ಲಿ ಸೆ ಲವೆಸ್ಸಿ ಸಪೂತೊ, ನೊನ್ ಸರೇಯ್ ವೆನೂತೊ ಎಂದೇ ಬರೆಯಿರಿ, ಇಲ್ಲದಿದ್ದರೆ ಅಂಕ ಹೋದೀತು.

ಒರೆಗಲ್ಲು ಪೂರ್ತಿ ಸೋಲುವ ಜಾಗವೂ ಒಂದಿದೆ. ಇಟಲಿಯ ಮಕ್ಕಳು ಆಟದಲ್ಲಿ ಪಾತ್ರ ಹಂಚಿಕೊಳ್ಳುವಾಗ "ಈಯೊ ಏರೊ ಇಲ್ ರೇ, ತು ಏರಿ ಇಲ್ ಲಾದ್ರೊ" ಎನ್ನುತ್ತವೆ. ನಾನು ರಾಜ ಆಗಿದ್ದೆ, ನೀನು ಕಳ್ಳ ಆಗಿದ್ದೆ ಎಂದಲ್ಲ. ನಮ್ಮ ಮಕ್ಕಳು ಅದಕ್ಕೆ ಬಳಸುವುದು ಬೇರೆಯೇ ಪದ: "ನಾನು ರಾಜ ಅಂತೆ, ನೀನು ಕಳ್ಳ ಅಂತೆ."